ಕೆಮ್ಮು ಕೇಳಿದರೆ ಸಾಲದು, ಉಸಿರು ಎಣಿಸಬೇಕು

ಮಿರಗದ ಮಳೆ ಹಿಡಿದುಕೊಂಡಿತೆಂದರೆ ಹಾನಗಲ್ಲ, ಹಿರೇಕೆರೂರು ಕಡೆಯ ಊರುಗಳಲ್ಲಿ ಕೂಸುಗಳ ಮೂಗು ಒಣಗುವುದೇ ಅಪರೂಪ. ಚಳಿ ಬಿದ್ದ ಮೇಲೆ ಸವಣೂರು, ಶಿಗ್ಗಾಂವಿ ಕಡೆಯೂ ಅದೇ ಪಾಡು. ಬಹುಪಾಲು ಮಕ್ಕಳ ನೆಗಡಿ, ಕೆಮ್ಮು ವಾರ, ಹತ್ತು ದಿನದಲ್ಲಿ ತಾನಾಗಿಯೇ ಹೋಗುತ್ತದೆ. ಕೆಲವು ಮಕ್ಕಳಿಗೆ ಮಾತ್ರ ಅದೇ ನೆಗಡಿ ಮೂರನೆಯ ದಿನವೋ ನಾಲ್ಕನೆಯ ದಿನವೋ ಎದೆಗೆ ಇಳಿಯುತ್ತದೆ. ಮನೆಯವರನ್ನು ಆಗ ಕಾಡುವ ಪ್ರಶ್ನೆ ಒಂದೇ: ಇದು ಬರೀ ಥಂಡಿಯೋ, ಈಗಲೇ ದವಾಖಾನೆಗೆ ಒಯ್ಯಬೇಕಾದದ್ದೋ? ರಾತ್ರಿಯಾಗಿದೆ, ಕಡೆಯ ಬಸ್ಸು ಹೋಗಿದೆ, ಮಳೆ ಬೇರೆ. "ಬೆಳಗಾಗಲಿ ನೋಡೂಣು" ಎಂದು ಹಿರಿಯರು ಯಾರಾದರೂ ಹೇಳುತ್ತಾರೆ, ಉಳಿದವರು ಒಪ್ಪುತ್ತಾರೆ. ನ್ಯುಮೋಕಾಕಸ್ ಸೋಂಕಿನಲ್ಲಿ ಆ ಒಂದು ರಾತ್ರಿಯ ಬೆಲೆ ಬಹಳ ದೊಡ್ಡದು.

ಈ ಪ್ರಶ್ನೆಗೆ ಮನೆಯಲ್ಲೇ ಉತ್ತರ ಕಂಡುಕೊಳ್ಳಬಹುದು. ಯಂತ್ರ ಬೇಡ, ಎಕ್ಸ್‌ರೇ ಬೇಡ. ಒಂದು ಮೊಬೈಲ್ ಗಡಿಯಾರ, ಒಂದು ನಿಮಿಷದ ತಾಳ್ಮೆ ಇದ್ದರೆ ಆಯಿತು. ಇನ್ನು ಈ ಕಾಯಿಲೆ ಬಾರದಂತೆ ತಡೆಯುವ ಲಸಿಕೆ ನಿಮ್ಮೂರಿನ ಅಂಗನವಾಡಿಯಲ್ಲೇ ಪುಕ್ಕಟೆಯಾಗಿ ಸಿಗುತ್ತಿದೆ. ಎರಡನ್ನೂ ವಿವರವಾಗಿ ನೋಡೋಣ.

ಯಾವುದು ಈ ರೋಗಾಣು?

ನ್ಯುಮೋಕಾಕಸ್ ಒಂದು ಬ್ಯಾಕ್ಟೀರಿಯಾ. 1881ರಲ್ಲಿ ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್, ಅಮೆರಿಕದಲ್ಲಿ ಜಾರ್ಜ್ ಸ್ಟರ್ನ್‌ಬರ್ಗ್ ಒಬ್ಬರಿಗೊಬ್ಬರು ತಿಳಿಯದೆ ಇದನ್ನು ಗುರುತಿಸಿದರು. ಆರೋಗ್ಯವಾಗಿರುವ ಎಷ್ಟೋ ಮಕ್ಕಳ ಮೂಗು, ಗಂಟಲಿನಲ್ಲಿ ಇದು ಸುಮ್ಮನೆ ಕುಳಿತಿರುತ್ತದೆ. ಕೆಮ್ಮು, ಸೀನಿನ ಹನಿಗಳಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ವೈರಸ್ ನೆಗಡಿ ಅಥವಾ ಫ್ಲೂ ಬಂದು ಶ್ವಾಸನಾಳದ ಒಳಪದರ ಸೊರಗಿದಾಗ ಅದಕ್ಕೆ ದಾರಿ ತೆರೆಯುತ್ತದೆ. ಕಿವಿಗೆ ಇಳಿದರೆ ಕಿವಿ ಸೋರುತ್ತದೆ, ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ರಕ್ತಕ್ಕೆ ಸೇರಿದರೆ ಮೈಯೆಲ್ಲ ನಂಜು, ಮಿದುಳಿನ ಪೊರೆಗೆ ತಲುಪಿದರೆ ಮೆನಿಂಜೈಟಿಸ್, ಅಂದರೆ ಮಿದುಳು ಪೊರೆಯ ಉರಿಯೂತ. ಎರಡು ವರ್ಷದೊಳಗಿನ ಮಕ್ಕಳು ಮತ್ತು ಅರವತ್ತೈದು ದಾಟಿದ ಹಿರಿಯರು ಇದಕ್ಕೆ ಹೆಚ್ಚು ಬಲಿಯಾಗುವವರು.

ಉಸಿರು ಎಣಿಸುವುದರಿಂದ ಏನು ತಿಳಿಯುತ್ತದೆ?

ಕೆಮ್ಮಿನ ಸದ್ದು ಮೋಸ ಮಾಡುತ್ತದೆ. ಗೊರಗೊರ ಎನ್ನುವ ಕಫವಿದ್ದೂ ಮಗು ಆಡಿಕೊಂಡಿರಬಹುದು. ಕೆಮ್ಮೇ ಇಲ್ಲದ ಮಗುವಿಗೆ ಜೋರಾದ ನ್ಯುಮೋನಿಯಾ ಇರಬಹುದು. ಉಸಿರಿನ ವೇಗ ಹಾಗಲ್ಲ. ಸೋಂಕು ತಗುಲಿದಾಗ ಶ್ವಾಸಕೋಶದ ಗಾಳಿಚೀಲಗಳಲ್ಲಿ ನೀರು, ಕೀವು ತುಂಬಿಕೊಂಡು ಶ್ವಾಸಕೋಶ ಬಿರುಸಾಗುತ್ತದೆ. ಉದ್ದ ಉಸಿರು ಎಳೆಯಲು ಆಗದ ಮಗು ಚಿಕ್ಕ ಚಿಕ್ಕ ಉಸಿರನ್ನು ಬೇಗ ಬೇಗ ತೆಗೆದುಕೊಂಡು ಆ ಕೊರತೆ ತುಂಬಿಸಿಕೊಳ್ಳುತ್ತದೆ. ಅದೂ ಸಾಲದಾದಾಗ ಜೋರಾಗಿ ಎಳೆಯುತ್ತದೆ. ಎಳೆಯ ಪಕ್ಕೆಲುಬು ಮೆತ್ತಗಿರುವುದರಿಂದ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುತ್ತದೆ. "ಹೊಟ್ಟಿ ಹಾರಾಕತ್ತೈತಿ" ಎಂದು ನಮ್ಮ ತಾಯಂದಿರು ಹೇಳುವುದು ಇದನ್ನೇ. ಅವರ ಕಣ್ಣು ಸರಿಯಾದ ಜಾಗವನ್ನೇ ನೋಡಿರುತ್ತದೆ. ಅದಕ್ಕೆ ಎಣಿಕೆ ಸೇರಿಸಿದರೆ ಸಾಕು.

ಎಣಿಕೆಯ ಬಲ ಎಷ್ಟೆಂಬುದಕ್ಕೆ ನೆರೆಯ ಮಹಾರಾಷ್ಟ್ರದ ಗಡಚಿರೋಲಿಯೇ ಸಾಕ್ಷಿ. ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ 1980ರ ದಶಕದ ಕೊನೆಯಲ್ಲಿ ಅಲ್ಲಿನ ಹಳ್ಳಿಗಳ ಆರೋಗ್ಯ ಕಾರ್ಯಕರ್ತರಿಗೆ ಮಕ್ಕಳ ಉಸಿರು ಎಣಿಸುವುದನ್ನು ಕಲಿಸಿದರು. ಓದು ಬರಹ ಅಷ್ಟಾಗಿ ಬಾರದವರಿಗಾಗಿ ಮಣಿ ಸರಿಸಿ ಎಣಿಸುವ ಸಾಧನವನ್ನೂ ರೂಪಿಸಿಕೊಟ್ಟರು. ಉಸಿರು ವೇಗವಾಗಿದ್ದ ಮಗುವಿಗೆ ಊರಲ್ಲೇ ಆ್ಯಂಟಿಬಯಾಟಿಕ್ ಶುರುವಾಯಿತು. ಈ ವ್ಯವಸ್ಥೆ ಇಲ್ಲದ ಹಳ್ಳಿಗಳಿಗೆ ಹೋಲಿಸಿದರೆ ಅಲ್ಲಿ ಮಕ್ಕಳ ನ್ಯುಮೋನಿಯಾ ಸಾವು ಅರ್ಧಕ್ಕಿಂತಲೂ ಕಡಿಮೆಯಾಯಿತು. ಗಡಚಿರೋಲಿಯಲ್ಲಿ ಸಾಧ್ಯವಾದದ್ದು ಹಾನಗಲ್ಲಿನ ಕಾಡಂಚಿನ ಊರಿನಲ್ಲೂ ಸಾಧ್ಯ.

ಎಣಿಸುವ ಬಗೆ

1. ಮಗು ಮಲಗಿರುವಾಗ ಅಥವಾ ತಾಯಿಯ ತೊಡೆಯ ಮೇಲೆ ಸಮಾಧಾನವಾಗಿರುವಾಗ ಎಣಿಸಿ. ಅಳುವಾಗ, ಹಾಲು ಕುಡಿಯುವಾಗ ಬೇಡ. ಮಲಗಿದ ಮಗುವನ್ನು ಎಬ್ಬಿಸಲೂಬೇಡಿ.

2. ಅಂಗಿ, ಕುಂಚಿಗೆ, ಸ್ವೆಟರ್ ಏನಿದ್ದರೂ ಎದೆಯವರೆಗೆ ಮೇಲೆತ್ತಿ. ಪಕ್ಕೆಲುಬು ಮುಗಿದು ಹೊಟ್ಟೆ ಶುರುವಾಗುವ ಜಾಗ ಬೆಳಕಿನಲ್ಲಿ ಚೆನ್ನಾಗಿ ಕಾಣಬೇಕು. ಕರೆಂಟ್ ಇಲ್ಲದಿದ್ದರೆ ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ.

3. ಹೊಟ್ಟೆ ಒಮ್ಮೆ ಮೇಲೆ ಬಂದು ಕೆಳಗಿಳಿದರೆ ಒಂದು ಉಸಿರು. ಒಬ್ಬರು ಮೊಬೈಲಿನಲ್ಲಿ ಸಮಯ ನೋಡಲಿ, ಇನ್ನೊಬ್ಬರು ಎಣಿಸಲಿ. ಪೂರ್ತಿ 60 ಸೆಕೆಂಡು ಎಣಿಸಬೇಕು. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಬೇಡ. ಕೂಸಿನ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ, ಲೆಕ್ಕ ತಪ್ಪುತ್ತದೆ.

4. ಬಂದ ಸಂಖ್ಯೆಯನ್ನು ಇದರೊಂದಿಗೆ ಹೋಲಿಸಿ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು. ಎರಡು ತಿಂಗಳೊಳಗಿನ ಕೂಸಿಗೆ 60 ದಾಟಿದರೆ ಇನ್ನೊಮ್ಮೆ ಎಣಿಸಿ ಖಾತ್ರಿ ಮಾಡಿಕೊಳ್ಳಿ.

5. ಸಂಖ್ಯೆ, ಗಂಟೆ ಎರಡನ್ನೂ ಬರೆದಿಡಿ. "ರಾತ್ರಿ 9ಕ್ಕೆ 48 ಇತ್ರಿ, 11ಕ್ಕೆ 56 ಆತ್ರಿ" ಎಂದು ನೀವು ಹೇಳಿದರೆ ವೈದ್ಯರಿಗೆ ಅರ್ಧ ಕೆಲಸ ಆದಂತೆ.

6. ಎಣಿಸಿದ ಮೇಲೆ ಅಂಗಿ ಇಳಿಸುವ ಮುನ್ನ ಇನ್ನೊಂದು ಗಳಿಗೆ ನೋಡಿ. ಉಸಿರು ಒಳಗೆ ಎಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಹೋಗುತ್ತಿದೆಯೇ? ಮೂಗಿನ ಹೊಳ್ಳೆ ಅರಳುತ್ತಿವೆಯೇ? ಪ್ರತಿ ಉಸಿರಿಗೂ ನರಳುವ ಸದ್ದು ಬರುತ್ತಿದೆಯೇ?

ಜ್ವರ ಏರಿದಾಗಲೂ ಉಸಿರು ಸ್ವಲ್ಪ ಚುರುಕಾಗುತ್ತದೆ. ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಕೊಟ್ಟು ಜ್ವರ ಇಳಿದ ಮೇಲೆ ಮತ್ತೆ ಎಣಿಸಬಹುದು. ಆದರೆ ಪಕ್ಕೆ ಸೆಳೆಯುತ್ತಿದ್ದರೆ ಜ್ವರ ಇಳಿಯಲೆಂದು ಕಾಯಬೇಡಿ.

ಎಚ್ಚರಿಕೆ: ಗಂಟೆಗಟ್ಟಲೆ ಎಳೆಎಳೆದು ಉಸಿರಾಡಿದ ಮಗು ದಣಿಯುತ್ತದೆ. ಆಗ ಉಸಿರಿನ ವೇಗ ತಾನೇ ಕಡಿಮೆಯಾಗುತ್ತದೆ, ಮಗು ಜೋಲು ಬೀಳುತ್ತದೆ. "ಈಗ ಆರಾಮಾಗಿ ಮಲಗೈತಿ" ಎಂದು ಮನೆಯವರಿಗೆ ಅನ್ನಿಸುವುದು ಇದೇ ಹೊತ್ತಿನಲ್ಲಿ. ಎಬ್ಬಿಸಿದರೆ ಕಣ್ಣು ಬಿಟ್ಟು ನೋಡದ, ಎದೆಹಾಲು ಹಿಡಿಯದ ಮಗು ಗುಣವಾಗುತ್ತಿಲ್ಲ, ಸೋಲುತ್ತಿದೆ.

ಒಂದು ಗಳಿಗೆಯೂ ತಡ ಮಾಡಬಾರದ ಲಕ್ಷಣಗಳು

ಐದು ವರ್ಷದೊಳಗಿನ ಮಗುವಿನಲ್ಲಿ ಇವುಗಳಲ್ಲಿ ಒಂದೇ ಕಂಡರೂ ಸಾಕು: ಹಾಲು, ನೀರು ಕುಡಿಯಲಾಗದಿರುವುದು; ಕುಡಿದದ್ದೆಲ್ಲ ವಾಂತಿಯಾಗುವುದು; ಫಿಟ್ಸ್; ಎಚ್ಚರ ತಪ್ಪುವುದು ಅಥವಾ ವಿಪರೀತ ಮಂಪರು; ಸುಮ್ಮನಿರುವಾಗಲೂ ಉಸಿರಿನಲ್ಲಿ ಕರ್ಕಶ ಸದ್ದು; ತುಟಿ, ನಾಲಿಗೆ ನೀಲಿಯಾಗುವುದು. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೂ ಮೈ ತಣ್ಣಗಾದರೂ ಎರಡೂ ಅಪಾಯವೇ. ಅಷ್ಟು ಎಳೆಯ ಕೂಸನ್ನು ಮನೆಯಲ್ಲಿ ಇಟ್ಟುಕೊಂಡು ನೋಡುವ ಮಾತೇ ಬೇಡ.

ಮಿದುಳು ಪೊರೆಯ ಸೋಂಕು ಬೇರೆ ರೀತಿ ಕಾಣಿಸಿಕೊಳ್ಳುತ್ತದೆ. ಜ್ವರದ ಜೊತೆ ತಡೆಯಲಾಗದ ತಲೆನೋವು, ವಾಂತಿ, ಕತ್ತು ಬಗ್ಗಿಸಲಾಗದಷ್ಟು ಬಿಗಿತ, ಬೆಳಕು ಕಂಡರೆ ಆಗದಿರುವುದು, ಮಂಪರು. ಕೂಸಿಗೆ ಕತ್ತು ಬಿಗಿಯದೆಯೂ ಇರಬಹುದು. ನೆತ್ತಿ ಉಬ್ಬಿರುವುದು, ಎತ್ತಿಕೊಂಡಷ್ಟೂ ಕಿರುಚಿ ಅಳುವುದು ಅದರ ಸುಳಿವು. ಇದಕ್ಕೆ ಮನೆಮದ್ದು ಇಲ್ಲವೇ ಇಲ್ಲ.

ದೊಡ್ಡವರಲ್ಲಿ ನ್ಯುಮೋಕಾಕಸ್ ನ್ಯುಮೋನಿಯಾ ಥಟ್ಟನೆ ಶುರುವಾಗುವುದು ಹೆಚ್ಚು. ಮೈ ನಡುಗಿಸುವ ಚಳಿ, ಜ್ವರ, ಒಂದು ಪಕ್ಕೆಯಲ್ಲಿ ಉಸಿರೆಳೆದಾಗ ಚುಚ್ಚುವ ನೋವು, ತುಕ್ಕಿನ ಬಣ್ಣದ ಕಫ. ಆದರೆ ವಯಸ್ಸಾದವರಲ್ಲಿ ಈ ಚಿತ್ರ ಸಿಗದೆ ಹೋಗಬಹುದು. ಎಪ್ಪತ್ತೈದರ ಅಜ್ಜನಿಗೆ ಜ್ವರವೇ ಇರುವುದಿಲ್ಲ, ನಿನ್ನೆಯವರೆಗೆ ಹೊಲಕ್ಕೆ ಹೋಗಿ ಬರುತ್ತಿದ್ದವರು ಇವತ್ತು ಊಟ ಬೇಡ ಎನ್ನುತ್ತಾರೆ, ಮಾತು ಅಡ್ಡಾದಿಡ್ಡಿ ಆಗುತ್ತದೆ, ಮಗನ ಹೆಸರು ಮರೆಯುತ್ತಾರೆ. "ವಯಸ್ಸಾತು, ಅರಳು ಮರಳು" ಎಂದು ಬಿಟ್ಟುಬಿಡಬೇಡಿ. ವೈದ್ಯರು ತೀವ್ರತೆ ಅಳೆಯಲು ನೋಡುವ ನಾಲ್ಕು ಅಂಶಗಳಲ್ಲಿ ಮೊದಲನೆಯದೇ ಈ ಗಲಿಬಿಲಿ. ಉಳಿದವು ನಿಮಿಷಕ್ಕೆ 30 ಅಥವಾ ಹೆಚ್ಚು ಉಸಿರು, ಕುಸಿದ ರಕ್ತದೊತ್ತಡ, 65 ಅಥವಾ ಹೆಚ್ಚಿನ ವಯಸ್ಸು.

ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಮನೆಯಲ್ಲಿದ್ದರೆ ತೆಗೆಯಿರಿ. ಬೆರಳು ಬೆಚ್ಚಗಿರಲಿ, ಉಗುರುಬಣ್ಣ ಇರದಿರಲಿ, ಅಂಕಿ ನಿಲ್ಲುವವರೆಗೆ ಕಾಯಿರಿ. 94ಕ್ಕಿಂತ ಕಡಿಮೆ ಬಂದರೆ ಅದೇ ಹೊತ್ತಿಗೆ ವೈದ್ಯರನ್ನು ಕಾಣಬೇಕು. 90ಕ್ಕಿಂತ ಕಡಿಮೆಯಾದರೆ ತುರ್ತು, ಆಮ್ಲಜನಕ ಬೇಕು. ದೊಡ್ಡವರ ಯಂತ್ರ ಎಳೆಗೂಸಿನ ಬೆರಳಿಗೆ ಸರಿಯಾದ ಅಂಕಿ ಕೊಡುವುದಿಲ್ಲ. ಅಲ್ಲಿ ಉಸಿರಿನ ಎಣಿಕೆಯನ್ನೇ ನಂಬಿ.

ಎಲ್ಲಿಗೆ, ಹೇಗೆ ಹೋಗಬೇಕು?

ಎರಡು ತಿಂಗಳು ದಾಟಿದ ಮಗುವಿಗೆ ವೇಗದ ಉಸಿರು ಮಾತ್ರವಿದ್ದು, ಅದು ಕುಡಿಯುತ್ತಿದೆ, ನೋಡುತ್ತಿದೆ ಎಂದಾದರೆ ಮೊದಲು ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ. 2019ರಲ್ಲಿ ಶುರುವಾದ 'ಸಾನ್ಸ್' ಎಂಬ ರಾಷ್ಟ್ರೀಯ ಅಭಿಯಾನದಲ್ಲಿ ಅವರಿಗೆ ಉಸಿರು ಎಣಿಸಿ ನ್ಯುಮೋನಿಯಾ ಗುರುತಿಸುವ ತರಬೇತಿ ಕೊಡಲಾಗಿದೆ. ಅಮಾಕ್ಸಿಸಿಲಿನ್ ಔಷಧದ ಮೊದಲ ಡೋಸ್ ಊರಲ್ಲೇ ಸಿಗಬೇಕು ಎಂಬುದು ಅದರ ಉದ್ದೇಶ. ಆಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ವೈದ್ಯರಿಗೆ ತೋರಿಸಿ.

ಪಕ್ಕೆ ಸೆಳೆತ ಅಥವಾ ಮೇಲೆ ಹೇಳಿದ ಅಪಾಯದ ಲಕ್ಷಣ ಕಂಡರೆ 108ಕ್ಕೆ ಕರೆ ಮಾಡಿ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ಕಡೆ ತಾಲ್ಲೂಕು ಆಸ್ಪತ್ರೆ ಇದೆ. ಅಲ್ಲಿಗೆ ಮೊದಲು ಹೋಗಿ, ಆಮ್ಲಜನಕ ಮತ್ತು ಮೊದಲ ಇಂಜೆಕ್ಷನ್ ಆಗಲಿ. ಅಲ್ಲಿಂದ ಹಾವೇರಿ ಜಿಲ್ಲಾ ಆಸ್ಪತ್ರೆಗೋ, ಶಿಗ್ಗಾಂವಿ ಕಡೆಯವರಾದರೆ ಹೆದ್ದಾರಿ ಹಿಡಿದು ಹುಬ್ಬಳ್ಳಿಯ ಕೆಎಂಸಿಆರ್‌ಐಗೋ (ಹಿಂದಿನ ಕಿಮ್ಸ್), ಹಿರೇಕೆರೂರಿನವರು ದಾವಣಗೆರೆ, ಶಿವಮೊಗ್ಗಕ್ಕೋ ಹೋಗಬೇಕಾಗಬಹುದು. ನೇರ ದೊಡ್ಡ ಊರಿಗೇ ಹೋಗೋಣ ಎಂದು ಬಾಡಿಗೆ ಕಾರು ಹುಡುಕುತ್ತ ಕೂರುವುದು ನಾನು ಬೇಡವೇ ಬೇಡ ಎನ್ನುವ ಸಂಗತಿ. ಆಮ್ಲಜನಕವಿಲ್ಲದೆ ಎರಡು ತಾಸು ದಾರಿಯಲ್ಲಿ ಕಳೆದರೆ ತಲುಪುವ ಹೊತ್ತಿಗೆ ಕೈಮೀರಿರಬಹುದು. ಆಂಬುಲೆನ್ಸಿನಲ್ಲಿ ಮಗುವನ್ನು ತಾಯಿಯ ಮಡಿಲಲ್ಲಿ ತಲೆ ತುಸು ಎತ್ತರಕ್ಕಿರುವಂತೆ ಹಿಡಿಯಿರಿ. ಕುಡಿಯುವಂತಿದ್ದರೆ ಎದೆಹಾಲು ಕೊಡುತ್ತಿರಿ, ಮಂಪರಿದ್ದರೆ ಬಾಯಿಗೆ ಏನೂ ಹಾಕಬೇಡಿ.

ಜೊತೆಗೆ ಒಯ್ಯಬೇಕಾದದ್ದು ತಾಯಿ ಕಾರ್ಡ್, ಈಗಾಗಲೇ ಕೊಟ್ಟ ಔಷಧದ ಬಾಟಲಿ ಮತ್ತು ಚೀಟಿ, ಆಧಾರ್, ರೇಷನ್ ಕಾರ್ಡ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ತುರ್ತು ಸ್ಥಿತಿಯಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ಅದನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಕೇಳಿ ಪಡೆಯಿರಿ.

ಚಿಕಿತ್ಸೆ ಹೇಗೆ ನಡೆಯುತ್ತದೆ?

ಸೌಮ್ಯ ನ್ಯುಮೋನಿಯಾಕ್ಕೆ ಮನೆಯಲ್ಲೇ ಬಾಯಿಯಿಂದ ಕೊಡುವ ಅಮಾಕ್ಸಿಸಿಲಿನ್ ಸಾಕು. ಹಳೆಯ, ಅಗ್ಗದ ಔಷಧ ಎಂದು ಮೂಗು ಮುರಿಯಬೇಡಿ. ಶ್ವಾಸಕೋಶದ ನ್ಯುಮೋಕಾಕಸ್ ಮೇಲೆ ಪೆನಿಸಿಲಿನ್ ಬಳಗದ ಈ ಔಷಧ ನಮ್ಮ ದೇಶದಲ್ಲಿ ಇಂದಿಗೂ ಚೆನ್ನಾಗಿ ಕೆಲಸ ಮಾಡುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಕೊಡುವ ಅಜಿತ್ರೊಮೈಸಿನ್‌ಗೇ ಈ ಬ್ಯಾಕ್ಟೀರಿಯಾ ಈಗ ಬಹುಮಟ್ಟಿಗೆ ಜಗ್ಗುತ್ತಿಲ್ಲ. 'ಮೂರು ದಿನದ ಗುಳಿಗೆ' ಎಂದು ಹೆಸರಾದ ಅದನ್ನು ಪ್ರತಿ ಕೆಮ್ಮಿಗೂ ನುಂಗಿದ ಫಲವೂ ಇದರಲ್ಲಿದೆ.

ತೀವ್ರ ನ್ಯುಮೋನಿಯಾಕ್ಕೆ ಆಸ್ಪತ್ರೆಯಲ್ಲಿ ಆಮ್ಲಜನಕ, ನರಕ್ಕೆ ಕೊಡುವ ಆ್ಯಂಪಿಸಿಲಿನ್, ಜೆಂಟಾಮೈಸಿನ್ ಅಥವಾ ಸೆಫ್ಟ್ರಿಯಾಕ್ಸೋನ್ ಬೇಕಾಗುತ್ತದೆ. ಮಿದುಳು ಪೊರೆಗೆ ಸೋಂಕು ತಗುಲಿದ್ದರೆ ಬರೀ ಪೆನಿಸಿಲಿನ್ ನೆಚ್ಚಿಕೊಳ್ಳುವಂತಿಲ್ಲ. ರಕ್ತದಿಂದ ಮಿದುಳಿನ ನೀರಿಗೆ ಔಷಧ ಅಲ್ಪಸ್ವಲ್ಪ ಮಾತ್ರ ದಾಟುವುದರಿಂದ ಸ್ವಲ್ಪ ಮೊಂಡಾದ ರೋಗಾಣುವೂ ಅಲ್ಲಿ ಉಳಿದುಬಿಡುತ್ತದೆ. ಅದಕ್ಕೇ ಹೆಚ್ಚು ಪ್ರಮಾಣದ ಸೆಫ್ಟ್ರಿಯಾಕ್ಸೋನ್, ಕೆಲವೊಮ್ಮೆ ಅದರ ಜೊತೆ ವ್ಯಾಂಕೊಮೈಸಿನ್, ಸಾಮಾನ್ಯವಾಗಿ 10ರಿಂದ 14 ದಿನ. ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಬೇಕು ಎಂದಾಗ ಎಷ್ಟೋ ಮನೆಯವರು ಹೆದರಿ ಒಪ್ಪುವುದಿಲ್ಲ. "ಬೆನ್ನಾಗಿನ ನೀರು ತಗದ್ರ ಕಾಲು ಹೋಗ್ತಾವು" ಎಂಬುದು ಬರೀ ಹೆದರಿಕೆ. ಬೆನ್ನುಹುರಿ ಮುಗಿದ ಕೆಳಗಿನ ಜಾಗದಲ್ಲಿ ಸೂಜಿ ಹಾಕುತ್ತಾರೆ. ಯಾವ ರೋಗಾಣು, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಮನೆಯವರು ನೆನಪಿಡಬೇಕಾದವು:

1. ಔಷಧ ಶುರುವಾಗಿ 48ರಿಂದ 72 ಗಂಟೆಯೊಳಗೆ ಜ್ವರ ಇಳಿಯತೊಡಗಬೇಕು, ಉಸಿರು ನಿಧಾನವಾಗಬೇಕು. ಹಾಗಾಗದಿದ್ದರೆ ಮತ್ತೆ ತೋರಿಸಿ. ಶ್ವಾಸಕೋಶದ ಸುತ್ತ ಕೀವು ತುಂಬಿರಬಹುದು, ಅದನ್ನು ಕೊಳವೆ ಹಾಕಿ ತೆಗೆಯಬೇಕಾಗುತ್ತದೆ.

2. ಜ್ವರ ಬಿಟ್ಟಿತೆಂದು ಔಷಧ ಬಿಡಬೇಡಿ. ವೈದ್ಯರು ಐದು ದಿನ ಎಂದಿದ್ದರೆ ಐದು ದಿನವೂ ಕೊಡಿ. ಉಳಿದ ಸಿರಪ್ಪನ್ನು ಮುಂದಿನ ಸಲಕ್ಕೆ, ನೆರೆಮನೆಯ ಕೂಸಿಗೆ ಎಂದು ಎತ್ತಿಡಬೇಡಿ.

3. ಕೆಮ್ಮು ವಾರಗಟ್ಟಲೆ ಉಳಿಯಬಹುದು, ಗಾಬರಿ ಬೇಡ. ಆದರೆ ಎರಡು ವಾರ ಮೀರಿದ ಕೆಮ್ಮಿನ ಜೊತೆ ಜ್ವರ, ತೂಕ ಇಳಿಯುವುದು ಇದ್ದರೆ ಕ್ಷಯದ ಪರೀಕ್ಷೆ ಆಗಲೇಬೇಕು.

4. ಮೆನಿಂಜೈಟಿಸ್‌ನಿಂದ ಗುಣವಾದ ಪ್ರತಿ ಮಗುವಿಗೂ ಕಿವಿ ಪರೀಕ್ಷೆ ಮಾಡಿಸಿ. ಜೀವ ಉಳಿದ ಖುಷಿಯಲ್ಲಿ ಇದು ಮರೆತುಹೋಗುತ್ತದೆ. ಕಿವುಡು ತಡವಾಗಿ ಗೊತ್ತಾದರೆ ಮಾತು ಕಲಿಯುವ ವಯಸ್ಸು ಕಳೆದುಹೋಗಿರುತ್ತದೆ.

ಲಸಿಕೆ: ಮೂರು ಸೂಜಿ, ಒಂಬತ್ತು ತಿಂಗಳು

ನ್ಯುಮೋಕಾಕಸ್ಸಿನ ಮೈಮೇಲೆ ಸಕ್ಕರೆ ಅಣುಗಳ ದಪ್ಪ ಹೊದಿಕೆ ಇದೆ. ಮೈಗೆ ಎಣ್ಣೆ ಸವರಿಕೊಂಡ ಕುಸ್ತಿಯಾಳಿನಂತೆ ಅದು ನಮ್ಮ ರಕ್ತದ ಕಾವಲು ಕಣಗಳ ಹಿಡಿತದಿಂದ ಜಾರಿಕೊಳ್ಳುತ್ತದೆ. ಈ ಹೊದಿಕೆಯಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ದೊಡ್ಡವರ ದೇಹ ಹೊದಿಕೆಯ ಗುರುತು ಹಿಡಿದು ಪ್ರತಿಕಾಯ ತಯಾರಿಸಬಲ್ಲದು, ಎರಡು ವರ್ಷದೊಳಗಿನ ಮಗುವಿನ ದೇಹಕ್ಕೆ ಅದು ಆಗದು. ಅದಕ್ಕಾಗಿ ವಿಜ್ಞಾನಿಗಳು ಸಕ್ಕರೆ ಹೊದಿಕೆಯ ತುಣುಕನ್ನು ಒಂದು ಪ್ರೊಟೀನಿಗೆ ಜೋಡಿಸಿದರು. ಪ್ರೊಟೀನನ್ನು ಗುರುತಿಸುವ ಕೂಸಿನ ದೇಹ ಅದರ ಜೊತೆಗೆ ಹೊದಿಕೆಯನ್ನೂ ಗುರುತಿಟ್ಟುಕೊಳ್ಳುತ್ತದೆ. ಇದೇ ಪಿಸಿವಿ ಲಸಿಕೆ. ಇಂಥ ಮೊದಲ ಲಸಿಕೆ ಅಮೆರಿಕದಲ್ಲಿ 2000ದಲ್ಲಿ ಬಳಕೆಗೆ ಬಂತು. ಭಾರತ ಸರ್ಕಾರ 2017ರಲ್ಲಿ ಹಿಮಾಚಲ ಪ್ರದೇಶ, ಉತ್ತರ ಪ್ರದೇಶ, ಬಿಹಾರದ ಕೆಲವು ಕಡೆ ಶುರುಮಾಡಿ 2021ರಲ್ಲಿ ಕರ್ನಾಟಕವೂ ಸೇರಿ ಇಡೀ ದೇಶಕ್ಕೆ ವಿಸ್ತರಿಸಿತು. ಪುಣೆಯ ಸೀರಮ್ ಸಂಸ್ಥೆ 10 ಬಗೆಗಳ ವಿರುದ್ಧದ 'ನ್ಯುಮೋಸಿಲ್' ತಯಾರಿಸಿದ ಮೇಲೆ ಲಸಿಕೆಯ ಬೆಲೆಯೂ ಇಳಿಯಿತು.

ಮಕ್ಕಳಿಗೆ ಕೊಡಿಸುವ ಕ್ರಮ:

1. ಮೊದಲ ಡೋಸ್ ಒಂದೂವರೆ ತಿಂಗಳಿಗೆ, ಅಂದರೆ 6 ವಾರಕ್ಕೆ. ಎರಡನೆಯದು ಮೂರೂವರೆ ತಿಂಗಳಿಗೆ, 14 ವಾರಕ್ಕೆ. ಬೂಸ್ಟರ್ 9 ತಿಂಗಳಿಗೆ, ದಡಾರ-ರುಬೆಲ್ಲಾ ಲಸಿಕೆಯ ಜೊತೆ.

2. ಸೂಜಿ ಬೀಳುವುದು ಬಲತೊಡೆಗೆ. ಮೊದಲ ಎರಡು ಡೋಸಿನ ದಿನ ಎಡತೊಡೆಗೆ ಪೆಂಟಾವೇಲೆಂಟ್ ಇರುತ್ತದೆ. ಒಂದೇ ದಿನ ಎರಡು ಮೂರು ಸೂಜಿ ಬಿದ್ದರೆ ಕೂಸಿಗೆ ಹೊರೆಯಾಗುವುದಿಲ್ಲ. ಪೆಂಟಾವೇಲೆಂಟಿನಲ್ಲಿರುವ ಹಿಬ್ ಅಂಶವೂ ಇನ್ನೊಂದು ಬಗೆಯ ನ್ಯುಮೋನಿಯಾ, ಮೆನಿಂಜೈಟಿಸ್‌ ತಡೆಯುತ್ತದೆ.

3. ಮನೆಗೆ ಹೊರಡುವ ಮುನ್ನ ತಾಯಿ ಕಾರ್ಡಿನಲ್ಲಿ ಪಿಸಿವಿ ಸಾಲಿನ ಮುಂದೆ ದಿನಾಂಕ ಬಿದ್ದಿದೆಯೇ ನೋಡಿ. ಅರ್ಧ ತಾಸು ಅಲ್ಲೇ ಕೂತು ಹೊರಡಿ.

4. ತೊಡೆ ಸ್ವಲ್ಪ ಊದುವುದು, ಒಂದೆರಡು ದಿನ ಜ್ವರ ಸಹಜ. ಒದ್ದೆ ಬಟ್ಟೆ ಇಡಬಹುದು, ಎಣ್ಣೆ ಹಚ್ಚಿ ತಿಕ್ಕಬೇಡಿ. ಹಿಂದಿನ ಡೋಸಿಗೆ ತೀವ್ರ ಅಲರ್ಜಿ ಆಗಿದ್ದರೆ ಮಾತ್ರ ಮುಂದಿನದನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಿ.

5. ತಡವಾಗಿದ್ದರೆ ಬಿಟ್ಟುಬಿಡಬೇಡಿ. ಮೊದಲ ಡೋಸ್ ಮೊದಲ ಹುಟ್ಟುಹಬ್ಬದೊಳಗೆ ಬಿದ್ದಿದ್ದರೆ ಉಳಿದವನ್ನು ಮುಂದೆ ಪೂರೈಸಬಹುದು, ಅಂತರವನ್ನು ಆರೋಗ್ಯ ಸಿಬ್ಬಂದಿ ಹೇಳುತ್ತಾರೆ. ಒಂದೂ ಡೋಸ್ ಆಗದೆ ವರ್ಷ ತುಂಬಿದ್ದರೆ ಮಕ್ಕಳ ತಜ್ಞರನ್ನು ಕೇಳಿ ಖಾಸಗಿಯಾಗಿ ಕೊಡಿಸುವ ದಾರಿ ಇದೆ.

ಸುಗ್ಗಿ ಮುಗಿದ ಮೇಲೆ ಗೋವಾ, ಮಂಗಳೂರು ಕಡೆ ದುಡಿಯಲು ಹೋಗುವ ಕುಟುಂಬಗಳ ಮಕ್ಕಳಿಗೇ ಬೂಸ್ಟರ್ ಹೆಚ್ಚಾಗಿ ತಪ್ಪುವುದು. ಮೊದಲ ಎರಡು ಡೋಸ್ ಕೊಟ್ಟ ರಕ್ಷಣೆ ದಿನ ಕಳೆದಂತೆ ಇಳಿಯುತ್ತದೆ, ಅದನ್ನು ಮತ್ತೆ ಏರಿಸಿ ಗಟ್ಟಿ ಮಾಡುವುದು ಆ ಮೂರನೆಯ ಸೂಜಿ. ಕಾರ್ಡನ್ನು ಟ್ರಂಕಿನಲ್ಲಿ ಬಿಟ್ಟುಹೋಗಬೇಡಿ. ಅದನ್ನು ತೋರಿಸಿದರೆ ದೇಶದ ಯಾವ ಸರ್ಕಾರಿ ಆರೋಗ್ಯ ಕೇಂದ್ರದಲ್ಲೂ ಉಳಿದ ಡೋಸ್ ಹಾಕುತ್ತಾರೆ. ಕಾರ್ಡಿನ ಫೋಟೊ ಮೊಬೈಲಿನಲ್ಲೂ ಇರಲಿ.

ಹಿರಿಯರಿಗೆ ಯಾವುದು?

ಸರ್ಕಾರದ ಪುಕ್ಕಟೆ ಲಸಿಕೆ ಮಕ್ಕಳಿಗಷ್ಟೇ. ದೊಡ್ಡವರು ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕು, ಸಾವಿರಾರು ರೂಪಾಯಿ ಆಗುತ್ತದೆ. ಹಾಗಾಗಿ ಯಾರಿಗೆ ತೀರಾ ಅಗತ್ಯ ಎಂದು ತಿಳಿದಿರಬೇಕು: 65 ದಾಟಿದವರು, ಸಕ್ಕರೆ ಕಾಯಿಲೆ, ಹೃದಯ, ಮೂತ್ರಪಿಂಡ, ಯಕೃತ್ತಿನ ಕಾಯಿಲೆ ಇರುವವರು, ದಮ್ಮಿನವರು, ಬೀಡಿ ಸೇದಿ ಅಥವಾ ಒಲೆಹೊಗೆ ಕುಡಿದು ಶ್ವಾಸಕೋಶ ಸವೆದವರು, ಎಚ್‌ಐವಿ ಇರುವವರು, ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರು. ಗುಲ್ಮವನ್ನು, ಅಂದರೆ ಸ್ಪ್ಲೀನ್ ಅಂಗವನ್ನು ಅಪಘಾತದಲ್ಲೋ ಆಪರೇಷನ್ನಿನಲ್ಲೋ ತೆಗೆಸಿಕೊಂಡವರು ಎಲ್ಲರಿಗಿಂತ ಮೊದಲು ಹಾಕಿಸಿಕೊಳ್ಳಬೇಕು. ಅವರಿಗೆ ನ್ಯುಮೋಕಾಕಸ್ ನಂಜು ಗಂಟೆಗಳಲ್ಲಿ ಏರಿಬಿಡುತ್ತದೆ.

20 ಬಗೆಗಳ ವಿರುದ್ಧದ ಪಿಸಿವಿ ಸಿಕ್ಕರೆ ಒಂದೇ ಡೋಸಿನಲ್ಲಿ ಮುಗಿಯುತ್ತದೆ. 13 ಬಗೆಗಳದ್ದಾದರೆ ಸಾಮಾನ್ಯವಾಗಿ ವರ್ಷ ಕಳೆದ ಮೇಲೆ 23 ಬಗೆಗಳ ಇನ್ನೊಂದು ಲಸಿಕೆ ಹಾಕುತ್ತಾರೆ. ರೋಗನಿರೋಧಕ ಶಕ್ತಿ ತೀರಾ ಕುಂದಿದವರಿಗೆ ಎರಡು ತಿಂಗಳ ಅಂತರವೂ ಸಾಕು. ಇದರ ಜೊತೆ ಪ್ರತಿ ವರ್ಷ ಫ್ಲೂ ಲಸಿಕೆ ಹಾಕಿಸಿಕೊಂಡರೆ ಬಾಗಿಲಿಗೆ ಎರಡು ಅಗುಳಿ ಬಿದ್ದಂತೆ, ಏಕೆಂದರೆ ದೊಡ್ಡವರ ಎದೆಗೆ ನ್ಯುಮೋಕಾಕಸ್ ಇಳಿಯುವುದು ಎಷ್ಟೋ ಸಲ ಫ್ಲೂ ಬೆನ್ನಿಗೇ.

ನಮ್ಮಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು

*"ನೆಗಡಿ ಐತ್ರೀ, ಈ ವಾರ ಸೂಜಿ ಬ್ಯಾಡ್ರಿ."* ಲಸಿಕೆ ತಪ್ಪಲು ಇದಕ್ಕಿಂತ ದೊಡ್ಡ ಕಾರಣ ಇಲ್ಲವೇನೋ. "ನೆಗಡಿಗೇನೂ ಆಗಂಗಿಲ್ಲ ಯವ್ವಾ, ಕುಂದ್ರು" ಎಂದು ಸಿಸ್ಟರ್ ಹೇಳಿದರೆ ಕುಳಿತುಬಿಡಿ. ಸಣ್ಣ ಜ್ವರ, ನೆಗಡಿ, ಭೇದಿ ಯಾವುದೂ ಲಸಿಕೆಗೆ ಅಡ್ಡಿಯಲ್ಲ. ಈ ವಾರ ಬಿಟ್ಟರೆ ಮುಂದಿನ ವಾರ ಕಳೆ ತೆಗೆಯುವ ಕೆಲಸ, ಅದರ ಮುಂದಿನ ವಾರ ಮದುವೆ.

*ಬರೆ ಹಾಕುವುದು.* ಪಕ್ಕೆ ಸೆಳೆಯುವ ಕೂಸಿನ ಹೊಟ್ಟೆಗೆ ಕಾಸಿದ ಬಳೆಯಿಂದ, ಬೇರಿನಿಂದ ಸುಡುವುದು ಇನ್ನೂ ನಿಂತಿಲ್ಲ. ಆ ಸುಟ್ಟ ಗಾಯ ಕೂಸಿಗೆ ಎರಡನೆಯ ಸೋಂಕು ತರುತ್ತದೆ, ಕಳೆದುಹೋದ ಸಮಯ ಜೀವವನ್ನೇ ತೆಗೆಯುತ್ತದೆ. ಇದನ್ನು ಮಾಡುವ ಅಜ್ಜಿಯ ಪ್ರೀತಿಯಲ್ಲಿ ಅನುಮಾನವಿಲ್ಲ, ಆದರೆ ಅವರ ಕೈ ಹಿಡಿದು ತಡೆಯಲೇಬೇಕು.

*ಮೂಗಿಗೆ, ಬಾಯಿಗೆ ಎಣ್ಣೆ ಬಿಡುವುದು.* ಎಣ್ಣೆ ಶ್ವಾಸಕೋಶಕ್ಕೆ ಜಾರಿದರೆ ಅದೇ ಬೇರೊಂದು ನ್ಯುಮೋನಿಯಾ. ಮೂಗು ಕಟ್ಟಿದ್ದರೆ ಸಲೈನ್ ಮೂಗಿನ ಹನಿ ಸಾಕು. ವರ್ಷದೊಳಗಿನ ಕೂಸಿಗೆ ಜೇನುತುಪ್ಪವೂ ಬೇಡ.

*ಕೆಮ್ಮಿನ ಸಿರಪ್.* ಅದು ಸೋಂಕನ್ನು ಮುಟ್ಟುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೆಗಡಿಯ ಸಿರಪ್ ಕೊಡಲೇಬಾರದೆಂದು ಕೇಂದ್ರ ಆರೋಗ್ಯ ಇಲಾಖೆ 2025ರಲ್ಲಿ ಮತ್ತೊಮ್ಮೆ ಎಚ್ಚರಿಸಿದೆ.

*"ಒಂದು ಸಲಾಯನ್ ಹಚ್ರಿ, ಗಟ್ಟಿ ಆಕ್ಕಾನ."* ಬಾಯಿಯಿಂದ ಕುಡಿಯುವ ನ್ಯುಮೋನಿಯಾ ಮಗುವಿಗೆ ಸಲಾಯನ್ ಬೇಕಿಲ್ಲ. ಅಳತೆ ಮೀರಿ ಏರಿಸಿದರೆ ಉಸಿರಾಟ ಇನ್ನಷ್ಟು ಕೆಡುತ್ತದೆ. ಹಾಗೆಯೇ ಪದವಿಯಿಲ್ಲದವರು ಕೊಡುವ 'ಪವರ್ ಇಂಜೆಕ್ಷನ್'ನಲ್ಲಿ ಸ್ಟೀರಾಯ್ಡ್ ಇದ್ದರೆ ಜ್ವರ ಒಂದು ದಿನ ಅಡಗುತ್ತದೆ, ಒಳಗೆ ಸೋಂಕು ಬೆಳೆಯುತ್ತಲೇ ಇರುತ್ತದೆ.

ಮನೆಯೊಳಗಿನ ಗಾಳಿ

ಮಳೆಗಾಲದಲ್ಲಿ ಬಾಣಂತಿ ಮತ್ತು ಕೂಸನ್ನು ಬೆಚ್ಚಗಿಡಲೆಂದು ಕದ ಕಿಟಕಿ ಮುಚ್ಚಿ, ಒಲೆಯ ಹತ್ತಿರ ಮಲಗಿಸಿ, ಸ್ನಾನದ ಮೇಲೆ ಲೋಬಾನದ ಹೊಗೆ ಹಿಡಿಯುವುದು ನಮ್ಮ ಕಡೆಯ ರೂಢಿ. ಬೆಚ್ಚಗಿಡುವ ಉದ್ದೇಶ ಸರಿ, ಹೊಗೆ ಸರಿಯಲ್ಲ. ಹೊಗೆ ಶ್ವಾಸನಾಳದ ಒಳಪದರವನ್ನು ಕೆಡಿಸಿ ರೋಗಾಣುವಿಗೆ ಜಾಗ ಮಾಡಿಕೊಡುತ್ತದೆ. ಕೂಸಿರುವ ಕೋಣೆಯಲ್ಲಿ ಬೀಡಿಯೂ ಬೇಡ, ಲೋಬಾನವೂ ಬೇಡ. ಬೆಚ್ಚಗಿನ ಬಟ್ಟೆ, ಕುಲಾಯಿ ಸಾಕು. ಆರು ತಿಂಗಳು ಬರೀ ಎದೆಹಾಲು, ಆಮೇಲೆ ಎದೆಹಾಲಿನ ಜೊತೆ ಮೆದು ಊಟ, ಒಂಬತ್ತು ತಿಂಗಳಿಂದ ಕಾಲಕಾಲಕ್ಕೆ ಎ ಜೀವಸತ್ವದ ಹನಿ. ಕೆಮ್ಮುವವರು ಕೂಸನ್ನು ಎತ್ತಿಕೊಳ್ಳುವ ಮುನ್ನ ಕೈ ತೊಳೆಯಲಿ, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಲಿ.

ಮನೆಯಲ್ಲಿ ವರ್ಷದೊಳಗಿನ ಕೂಸಿದ್ದರೆ ಇವತ್ತೇ ತಾಯಿ ಕಾರ್ಡ್ ತೆಗೆದು ಪಿಸಿವಿಯ ಮೂರು ಚೌಕಗಳನ್ನು ನೋಡಿ. ಖಾಲಿ ಇದ್ದರೆ ಬರುವ ಗುರುವಾರ ಲಸಿಕೆಯ ದಿನ, ನಿಮ್ಮ ಆಶಾ ಕಾರ್ಯಕರ್ತೆಗೆ ಈಗಲೇ ಒಂದು ಫೋನ್ ಮಾಡಿ. ಅವರ ನಂಬರ್ ಜೊತೆಗೆ 108 ಮತ್ತು ಆರೋಗ್ಯ ಸಲಹೆಯ 104 ಎರಡನ್ನೂ ಮನೆಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆದಿಡಿ.